ದೊಡ್ಡಪ್ಪ ಮಾಡಿದ ಕಾರು ಪೂಜೆ

ಗೆಳೆಯರೇ, ಇವತ್ತು ನನ್ನ ಕಾರಿಗೆ ಪೂಜೆಯಾಯಿತು. ಕಾರು ಅಂದರೆ ಇಂಜಿನ್ನೂ ಇಲ್ಲ, ಸೀಟೂ ಇಲ್ಲ. ಹಿಂದೆ ಜನ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದಂಥ ಕಾರೊಂದರ ಫೈಬರ್ ಬಾಡಿ, ಊಟಿ ಕಡೆಯ ಗುಜರಿಯಿಂದ ತಂದದ್ದು. ವರ್ಷವಿಡೀ ಬಿರುಕು ಮುಚ್ಚಿ, ಉಜ್ಜಿ, ಬಣ್ಣ ಹೊಡೆದು, ಬೆಳಿಗ್ಗೆ ತಾನೇ ಹಳೇ ಜೀಪಿನ ಚಾಸಿಯ ಮೇಲೆ ಕೂರಿಸಿದ್ದೆ.

ಅಷ್ಟರಲ್ಲಿ ಹಂಗಳದಿಂದ ದೊಡ್ಡಪ್ಪ ಬಂದರು. ಪ್ರತಿ ಆಯುಧಪೂಜೆಗೂ ಟ್ರ್ಯಾಕ್ಟರಿನ ಬಂಪರಿಗೇ ಕಾಯಿ ಒಡೆಯುವವರು. "ಪೂಜೆ ಇಲ್ದೆ ಗಾಡಿ ಮುಟ್ಬಾರ್ದು ಕಣ್ಲಾ" ಎಂದವರೇ ಅರಿಶಿನ ಕುಂಕುಮ ಹಚ್ಚಿದರು. "ತಡೀರಿ ದೊಡ್ಡಪ್ಪ, ಅದು ಕಬ್ಣ ಅಲ್ಲ" ಎಂದು ನಾನು ಕೂಗುವಷ್ಟರಲ್ಲಿ ಕಾರಿನ ಮೂತಿಗೆ ಕಾಯಿ ಕುಟ್ಟಿಯೇಬಿಟ್ಟರು.

ಕಾಯಿಯೇ ಒಳಗೆ ಹೋಗುವಷ್ಟು ದೊಡ್ಡ ತೂತು. ಕಾಯಿಗೆ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ.

"ಇದೇನ್ಲಾ, ಕಾರಾ ಅಪ್ಪಳವಾ?" ಎಂದು ನನ್ನನ್ನೇ ಗದರಿದರು. ಆಮೇಲೆ ಮುಖ ಗಂಟಿಕ್ಕಿ, "ಕಾಯಿ ಒಡೀನಿಲ್ವಲ್ಲ, ಅಪಸಕುನ ಕಣ" ಎಂದು ಬಟ್ಟೆ ಒಗೆಯುವ ಕಲ್ಲಿಗೆ ಒಡೆದುಕೊಂಡು ಬಂದು ಒಂದು ಹೋಳು ನನ್ನ ಕೈಗಿಟ್ಟರು. "ಬುಡು, ಇನ್ಯಾರ ದಿಷ್ಟಿನೂ ತಾಕದಿಲ್ಲ."

ನಿಜ. ಆ ತೂತು ನೋಡಿ ಹೊಟ್ಟೆಕಿಚ್ಚು ಪಡುವವರು ನಮ್ಮ ಗುಂಡ್ಲುಪೇಟೆಯಲ್ಲಿ ಇನ್ನು ಹುಟ್ಟಿ ಬರಬೇಕಷ್ಟೆ.