ಸೋತರೆ ಒಂದು ವಾರ ರಜೆ

ನನಗೆ ಫುಟ್‌ಬಾಲ್ ಕಲಿಸಿದವರು ನನ್ನ ಸೋದರಮಾವ. ಸೊರಬ ತಾಲ್ಲೂಕಿನ ಕ್ಯಾಸನೂರು ಕಡೆಯ ಹಳ್ಳಿಯಲ್ಲಿ ಅವರದು ಬೇಸಾಯ. ಕಾಲೇಜಿನಲ್ಲಿದ್ದಾಗ ಗೋಲ್‌ಕೀಪರ್ ಆಗಿದ್ದವರು. ಬೇಸಿಗೆ ರಜೆಗೆ ನಾನು ಹೋದಾಗ ಕೊಯ್ಲಾದ ಗದ್ದೆಯಲ್ಲಿ ಎರಡು ಗೂಟ ನೆಟ್ಟು, ನಡುವೆ ತಾವು ನಿಂತು, “ಹೊಡಿಯೇ, ನೋಡ್ತೀನಿ” ಎನ್ನುತ್ತಿದ್ದರು. ಆ ಗದ್ದೆಯ ಕೂಳೆ ಚುಚ್ಚಿಸಿಕೊಂಡು ಆಡಿದವಳು ಈಗ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್.

ದೇಶದ ದೊಡ್ಡ ಲೀಗಿನ ಕ್ಲಬ್ಬುಗಳು ಆಡುವ ನಾಕೌಟ್ ಕಪ್ ಎಂದರೆ ಮಾವನಿಗೆ ಪ್ರಾಣ. ಲೀಗಿನಲ್ಲಿ ಇವತ್ತು ಸೋತರೆ ಮುಂದಿನ ವಾರ ಗೆದ್ದು ಸರಿಮಾಡಿಕೊಳ್ಳಬಹುದು. ಇಲ್ಲಿ ಸೋತವರು ಅವತ್ತೇ ಗಂಟುಮೂಟೆ ಕಟ್ಟಬೇಕು. “ಅದು ಆಟ ಅಂದ್ರೆ” ಎನ್ನುತ್ತಿದ್ದರು. ಈಚೆಗೊಮ್ಮೆ ಆ ಪಂದ್ಯಗಳು ಗೋವಾದಲ್ಲಿ ನಡೆದವು. ನಾವಿಬ್ಬರೂ ಮೊಬೈಲಿನಲ್ಲೇ ನೋಡಿ ಮೆಚ್ಚಿಕೊಂಡಿದ್ದ ತಂಡ ಸೆಮಿಫೈನಲ್ ತಲುಪಿತ್ತು. ಅವರನ್ನು ಕರೆದುಕೊಂಡು ಹೊರಟೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ ನಿಂತಿದ್ದರು.

ಪಂದ್ಯ ಸಂಜೆ ನಾಲ್ಕೂವರೆಗೆ. ಮೈದಾನದೊಳಗೆ ಕಾಲಿಟ್ಟರೆ ಜನವೇ ಇಲ್ಲ. ಹಕ್ಕಿಹಿಕ್ಕೆ ಮೆತ್ತಿದ ಸಾಲುಸಾಲು ಖಾಲಿ ಕುರ್ಚಿಗಳು. ಮಾವ ಗೋಲಿನ ಹಿಂದೆಯೇ ಕೂರಬೇಕೆಂದರು. ಎರಡು ಕುರ್ಚಿ ಒರೆಸಿ ಕೂತೆವು. ಐದು ನಿಮಿಷ ಆಗಿರಲಿಲ್ಲ, ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಒಬ್ಬಾತ ಬಂದು, ಎದ್ದು ಆ ಕಡೆ ಹೋಗಿ ಎಂದು ಹಿಂದಿಯಲ್ಲಿ ಹೇಳಿದ. ಟಿವಿ ಕ್ಯಾಮೆರಾ ತಿರುಗುವ ಕಡೆ ಖಾಲಿ ಕಾಣಬಾರದಂತೆ. ಇದ್ದಬದ್ದವರನ್ನೆಲ್ಲ ದನ ಅಟ್ಟಿದ ಹಾಗೆ ಅಟ್ಟಿ ಅಲ್ಲಿ ಕೂರಿಸಿದರು. ಆಮೇಲೆ ಒಂದು ಚೀಲ ತಂದು ಎಲ್ಲರ ಕೊರಳಿಗೂ ಒಂದೊಂದು ಶಾಲು ಹಾಕಿದರು. ಅದು ಎದುರಾಳಿ ತಂಡದ್ದು. ಯಾರೋ ಬೆವರಿ ಬಿಚ್ಚಿಟ್ಟದ್ದನ್ನು ಒಗೆಯದೆ ಮಡಚಿಟ್ಟಿದ್ದರೇನೋ, ಮುಗ್ಗಲು ವಾಸನೆ ಗಂಟಲಿಗೆ ಇಳಿಯಿತು. ತಾನು ಕೈ ಎತ್ತಿದಾಗ ಎಲ್ಲರೂ ಎದ್ದು ಕೂಗಬೇಕು ಎಂದ ಆತ. ನಾನು ಶಾಲನ್ನು ಕಿತ್ತು ಕುರ್ಚಿಯ ಕೆಳಗೆ ತುರುಕಿದೆ. ಮಾವ ಸುಮ್ಮನೆ ಹಾಕಿಸಿಕೊಂಡರು.

ನಮ್ಮ ತಂಡ ಮೈದಾನಕ್ಕಿಳಿಯಿತು. ಒಂದು ಮುಖವೂ ಗುರುತಾಗಲಿಲ್ಲ.

“ಎಂತ ಮಾರಾಯ್ತಿ ಇದು? ಇವ್ರು ಯಾರೇ?” ಎಂದು ಮಾವ ನನ್ನನ್ನು ಕೇಳಿದರು.

ನಮ್ಮ ಕನ್ನಡ ಕೇಳಿ, ಪಕ್ಕದಲ್ಲಿ ನಿಂತಿದ್ದ ಹಾವೇರಿ ಕಡೆಯ ಸೆಕ್ಯೂರಿಟಿ ಗಾರ್ಡ್ ಬಗ್ಗಿ ಹೇಳಿದ: “ಅಸಲಿ ಮಂದಿ ಇವತ್ತ ಆಡಂಗಿಲ್ರೀ. ಲೀಗ್ ಮ್ಯಾಚಿಗೆ ದಣೀಬಾರ್ದಂತ ಹೋಟೆಲ್‌ನಾಗ ಮಲಗ್ಯಾರ. ಇವರು ಬದಲಿ ಹುಡುಗ್ರು.”

ಬದಲಿಯವರಾದರೇನು, ಆಡಬಹುದಿತ್ತು. ಆಡಲಿಲ್ಲ. ಮೊದಲ ಗೋಲು ಬಿದ್ದಾಗ ಬೆಂಚಿನಲ್ಲಿದ್ದ ಇಬ್ಬರು ನಗುತ್ತಿದ್ದರು. ಎರಡನೆಯದು ಬಿದ್ದಾಗ ಕೋಚ್ ಕೂತಲ್ಲಿಂದ ಏಳಲಿಲ್ಲ. ಮೂರನೆಯದಕ್ಕೆ ಗೋಲ್‌ಕೀಪರ್ ಕೈಯನ್ನೂ ಎತ್ತಲಿಲ್ಲ. ಚೆಂಡು ತನ್ನ ಪಕ್ಕದಿಂದ ಹೋಗುವುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಾವ ಕಣ್ಣು ಮುಚ್ಚಿಕೊಂಡರು. ಕಾರ್ಡಿನವನು ಕೈ ಎತ್ತಿದ. ಮಾವ ಎದ್ದುನಿಂತು, ಎದುರಾಳಿಯ ಹೆಸರು ಹಿಡಿದು ಕೂಗತೊಡಗಿದರು. ಅಂಗಿ ಹಿಡಿದು ಎಳೆದೆ, ಕೂರಲಿಲ್ಲ. ಆ ಗಳಿಗೆಯಲ್ಲಿ ನನಗೆ ಅವರ ಮೇಲೂ ಹೇಸಿಗೆ ಬಂತು.

ಪಂದ್ಯ ಮುಗಿದ ಮೇಲೆ ಗೇಟಿನ ಹತ್ತಿರ ಸೋತ ತಂಡದ ಬಸ್ಸು ನಿಂತಿತ್ತು. ಆಟಗಾರರು ಮೊಬೈಲು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದರು. ತಂಡದ ಅಂಗಿ ತೊಟ್ಟ ಸಿಬ್ಬಂದಿಯವನೊಬ್ಬನನ್ನು, ಇಷ್ಟು ದೂರದಿಂದ ಬಂದಿದ್ದೇವೆ, ಯಾಕೆ ಹೀಗೆ ಮಾಡಿದಿರಿ ಎಂದು ನನಗೆ ಬರುವ ಹರಕು ಹಿಂದಿಯಲ್ಲಿ ಕೇಳಿದೆ. ಸೋತದ್ದೇ ಒಳ್ಳೆಯದಾಯಿತು ಮೇಡಂ, ಎಲ್ಲರಿಗೂ ಒಂದು ವಾರ ರಜೆ ಸಿಕ್ಕಿತು ಎಂದ. ನಾಚಿಕೆಯಿಂದಲ್ಲ, ಖುಷಿಯಿಂದ.

“ಥೂ, ನಿಮ್ಮ ಜನ್ಮಕ್ಕಿಷ್ಟು!” ಎಂದೆ, ಬಸ್ಸಿನತ್ತ ತಿರುಗಿ, ಗಟ್ಟಿಯಾಗಿ. ಅವರಿಗೆ ಕನ್ನಡ ಬರುವುದಿಲ್ಲ. ಕಿಟಕಿಯಲ್ಲಿದ್ದ ಇಬ್ಬರು ಹೊಗಳಿದೆನೆಂದು ತಿಳಿದು ಕೈ ಬೀಸಿದರು.

ವಾಪಸಾಗುವಾಗ ಬಸ್ಸು ಕಾರವಾರ ದಾಟಿತ್ತು. ತಡೆಯಲಾಗದೆ ಕೇಳಿದೆ, “ಮಾವ, ಬಂದಿದ್ದು ಯಾರಿಗೋಸ್ಕರ, ಕೂಗಿದ್ದು ಯಾರಿಗೆ? ನಾಚಿಕೆ ಆಗ್ಲಿಲ್ವಾ?”

“ಅವ್ರಾದ್ರೂ ಓಡ್ತಿದ್ರಲ್ಲೇ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಸೊರಬದಲ್ಲಿ ಇಳಿದರೆ ಅವರ ಊರಿನ ನಾಲ್ಕು ಜನ ಹೋಟೆಲಿನಿಂದ ಎದ್ದು ಬಂದು ಮುತ್ತಿಕೊಂಡರು. “ನಿಮ್ಮನ್ನ ಟಿವಿಲಿ ನೋಡಿದ್ವಲ್ರೀ! ಏನು ಕೂಗ್ತಿದ್ರಿ ಮಾರಾಯ್ರೇ!” ಮಾವನ ಮುಖ ಅರಳಿತು. ಅವರಲ್ಲೊಬ್ಬ ಕೇಳಿದ, “ಅರ್ಧಕ್ಕೇ ಕರೆಂಟ್ ಹೋಯ್ತು. ಯಾರು ಗೆದ್ರು?”

“ನಾವೇ” ಎಂದರು ಮಾವ.

ಗದ್ದೆಯ ಕೂಳೆಯ ಮೇಲೆ ಮೊಣಕೈ ಒಡೆದುಕೊಂಡು ನನ್ನ ಚೆಂಡು ತಡೆಯುತ್ತಿದ್ದ ಮನುಷ್ಯನ ಬಾಯಲ್ಲಿ ಆ ಸುಳ್ಳು ಕೇಳಿ ಹೇಸಿಗೆಯಾಯಿತು. ಅದಕ್ಕೆ ಸಾಕ್ಷಿಯಾಗಿ ಸುಮ್ಮನೆ ನಿಂತ ನನ್ನ ಬಗ್ಗೆಯೂ. ಕಾಫಿಗೆ ಕರೆದರು. ಬೇಡವೆಂದು ಶಿಕಾರಿಪುರದ ಬಸ್ಸು ಹತ್ತಿದೆ.