ಎಳೆಯುವ ಲೆನ್ಸು, ತಿರುವುವ ಲೆನ್ಸು

ನನ್ನ ಎಡಗೈ ಕೆಲವು ದಿನ ನನ್ನ ಮಾತೇ ಕೇಳುತ್ತಿರಲಿಲ್ಲ. ಹೊಸ ಜೂಮ್ ಲೆನ್ಸಿನ ಉಂಗುರವನ್ನು ತಿರುವು ಎಂದರೆ, ಹಳೆಯದನ್ನು ಎಳೆದ ಅಭ್ಯಾಸಬಲದಿಂದ ಹಿಡಿದು ಎಳೆಯುತ್ತಿತ್ತು. ಅಷ್ಟರಲ್ಲಿ ಐರೋಲಿಯ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ನಿಂತಿದ್ದ ಫ್ಲೆಮಿಂಗೊ ಹಕ್ಕಿಗಳು ವಾಶಿಯ ದಿಕ್ಕಿಗೆ ಹಾರಿಹೋಗಿರುತ್ತಿದ್ದವು. “ಹಕ್ಕಿ ಸುದ್ದಾ ನಿಮ್ಮನ್ನ ನೋಡಿ ನಗತಾವ,” ಎನ್ನುತ್ತಿದ್ದಳು ನನ್ನ ಹೆಂಡತಿ. ಧಾರವಾಡ ಬಿಟ್ಟು ಡೊಂಬಿವಲಿ ಸೇರಿ ಇಪ್ಪತ್ತು ವರ್ಷವಾದರೂ ಅವಳ ಮಾತಿನ ಖಾರ ಇಳಿದಿಲ್ಲ.

ಹಳೆಯ ಲೆನ್ಸು ವಾಸಣ್ಣನವರದು. ಕುಂದಾಪುರದ ಕಡೆಯವರು. ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ, ನಮ್ಮ ಆಫೀಸಿನ ಎದುರಿನ ಹೋಟೆಲಿನಲ್ಲಿ ಮೂವತ್ತು ವರ್ಷ ಕಾಫಿ ಮಾಡಿದವರು. ಲೋಟದಿಂದ ಬಟ್ಟಲಿಗೆ ಮಾರುದ್ದ ಕಾಫಿ ಹೊಯ್ದರೂ ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಭಾನುವಾರ ಅದೇ ಕೈ ಕ್ಯಾಮೆರಾ ಹಿಡಿಯುತ್ತಿತ್ತು. ಹಕ್ಕಿಯ ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಅವರಿಂದ, ಆ ಲೆನ್ಸಿನಿಂದ. ಒಮ್ಮೆ ಸ್ಟ್ಯಾಂಡ್ ಮೇಲಿಟ್ಟು ತೆಗೆಯಬಾರದೇ ಎಂದು ಕೇಳಿ ಬೈಸಿಕೊಂಡಿದ್ದೆ. “ಕಾಫಿ ಹೊಯ್ಲಿಕ್ಕೆ ನಾನು ಯಾವತ್ತಾದ್ರೂ ಸ್ಟ್ಯಾಂಡ್ ಇಟ್ಟದ್ದುಂಟಾ ಮಾರಾಯ?”

ಆ ಲೆನ್ಸು ಉಸಿರಾಡುತ್ತದೆ. ಎಳೆದರೆ ಗಾಳಿ ಒಳಗೆ, ತಳ್ಳಿದರೆ ಹೊರಗೆ. ಹಾಗೆ ಎಳೆದುಕೊಂಡ ಭಿವಂಡಿಯ ಮಗ್ಗಗಳ ಹತ್ತಿಯ ಎಳೆಯೊಂದು ಇಂದಿಗೂ ಗಾಜಿನ ಹಿಂದೆ ಸುಖವಾಗಿದೆ.

ಹೋದ ವರ್ಷ ನನಗೆ ಭಾನುವಾರವೂ ಡ್ಯೂಟಿ ಬಿದ್ದು ಖಾಡಿಯ ಕಡೆ ಹೋಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ವಾಸಣ್ಣ ಮನೆಗೆ ಬಂದು ಲೆನ್ಸನ್ನು ನನ್ನ ಮೇಜಿನ ಮೇಲಿಟ್ಟರು. “ಇದು ಹಾಳಾಗಿದೆ. ಎಲ್ಲಾ ಮಸುಕು ಬರ್ತದೆ. ನೀನೇ ಇಟ್ಕೋ, ನಂಗೆ ಸಾಕಾಯ್ತು,” ಎಂದರು. ಗುರು ಹೇಳಿದ ಮೇಲೆ ಪರೀಕ್ಷೆ ಯಾಕೆ? ಅದನ್ನು ಕಪಾಟಿನಲ್ಲಿಟ್ಟು, ಅದೇ ಲೆನ್ಸಿನ ಹೊಸ ಅವತಾರವನ್ನು ಕೊಂಡೆ.

ಹೊಸದರ ಹೆಚ್ಚುಗಾರಿಕೆ ಎಷ್ಟಿದೆ ನೋಡೋಣವೆಂದು ಒಂದು ಬೆಳಿಗ್ಗೆ ಎರಡನ್ನೂ ಸರದಿಯಂತೆ ಸ್ಟ್ಯಾಂಡಿಗೆ ಹಾಕಿ, ಎದುರು ಬಿಲ್ಡಿಂಗಿನ ನೀರಿನ ಟಾಂಕಿಯ ಮೇಲೆ ಕೂತ ಕಾಗೆಯ ಫೋಟೋ ತೆಗೆದೆ. ಹೊಸದರಲ್ಲಿ ಕಾಗೆಯ ಕಪ್ಪಿನೊಳಗಿನ ನೀಲಿಯೂ ಕಂಡಿತು. ಇಷ್ಟು ವರ್ಷ ಓಡಿಸುತ್ತಿದ್ದ ಕಾಗೆ ಇಷ್ಟು ಚೆಲುವೆಯೇ ಎಂದು ಬೆರಗಾದೆ. ಆದರೆ ಹಳೆಯದೂ ಕಾಗೆಯ ಕೊಕ್ಕಿನ ಬುಡದ ಒಂದೊಂದು ಕೂದಲನ್ನೂ ತೋರಿಸಿತು. ಬಣ್ಣ ಕೊಂಚ ಸಪ್ಪೆ, ಅಷ್ಟೇ. ಮಸುಕೆಂಬುದು ಎಲ್ಲೂ ಇರಲಿಲ್ಲ.

ಲೆನ್ಸು ಹಾಳಾಗಿಲ್ಲವೆಂದರೆ ಹಾಳಾದದ್ದು ಏನು? ಆಗ ನೆನಪಾಯಿತು. ವಾಸಣ್ಣ ಈಚೆಗೆ ಎಲ್ಲಿ ಹೋದರೂ “ಅರ್ಧ ಲೋಟ ಸಾಕು” ಎನ್ನುತ್ತಿದ್ದರು. ಅರ್ಧ ಲೋಟದ ಚಹಾ ಕೈ ನಡುಗಿದರೂ ಚೆಲ್ಲುವುದಿಲ್ಲ.

ಹೊಸ ಲೆನ್ಸಿನ ಹೊಟ್ಟೆಯಲ್ಲಿ ಒಂದು ಪುಟ್ಟ ಗಾಜು ತೇಲುತ್ತಿರುತ್ತದಂತೆ. ಕೈ ಎಡಕ್ಕೆ ಅಲುಗಿದರೆ ಅದು ನೋಟವನ್ನು ಬಲಕ್ಕೆ ಸರಿಸಿ ಸರಿದೂಗಿಸುತ್ತದೆ. ಕಲ್ಯಾಣ ಫಾಸ್ಟ್ ಲೋಕಲ್ ರೈಲಿನಲ್ಲಿ ಕಂಬಿ ಹಿಡಿಯದೆ ನಿಂತು ಪೇಪರ್ ಓದುವವರು ಗಾಡಿ ವಾಲಿದತ್ತ ವಾಲದೆ ನಿಲ್ಲುತ್ತಾರಲ್ಲ, ಹಾಗೆ. ಮನುಷ್ಯನ ನಡುಕವನ್ನು ಗುಟ್ಟಾಗಿ ನುಂಗಿಕೊಳ್ಳುವ ಗಾಜು! ಅದನ್ನು ಕಂಡುಹಿಡಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ಭಾನುವಾರ ವಾಸಣ್ಣನವರನ್ನು ಒತ್ತಾಯ ಮಾಡಿ ಐರೋಲಿಗೆ ಕರೆದೊಯ್ದೆ. “ಈ ಹೊಸಾದು ನನ್ನ ಕೈಗೆ ಒಗ್ಗವಲ್ದರಿ. ತಿರುವಬೇಕಂತ, ನನಗ ಎಳಿಯೋ ಚಟ. ನೀವರ ನೋಡ್ರಿ,” ಎಂದು ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಕ್ಯಾಮೆರಾ ಎತ್ತಿದರು. ಮುಂಗೈ ನಡುಗುತ್ತಿತ್ತು. ನಾನು ನೀರಿನತ್ತ ನೋಡುತ್ತ ನಿಂತೆ.

ಬಟನನ್ನು ಅರ್ಧ ಒತ್ತಿದರು. ಒಳಗೆ ಸಣ್ಣಗೆ ಗುಂಯ್ ಎಂದಿತು. ಕಣ್ಣನ್ನು ಕ್ಯಾಮೆರಾದಿಂದ ತೆಗೆಯಲೇ ಇಲ್ಲ.

“ನಿಂತಿತು ಮಾರಾಯ,” ಎಂದರು ಕೊನೆಗೆ, ದೇವರ ಮುಂದೆ ಮಾತಾಡುವ ದನಿಯಲ್ಲಿ. “ಹಕ್ಕಿ ನಿಂತಿತು.”

ಫೋಟೋದಲ್ಲಿ ಫ್ಲೆಮಿಂಗೊದ ಕೊಕ್ಕಿನ ತುದಿಗೆ ಒಂದು ಹನಿ ನೀರು ಬೀಳದೆ ನಿಂತಿತ್ತು. ಅದನ್ನು ಹತ್ತು ಸಲ ನೋಡಿದರು, ನನಗೂ ಹತ್ತು ಸಲ ತೋರಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, “ನಾನು ಅವತ್ತೇ ಹೇಳ್ಲಿಲ್ವಾ, ಆ ಹಳೇ ಲೆನ್ಸೇ ಹಾಳು ಅಂತ?” ಎಂದರು.

“ಹೌದ್ರಿ ವಾಸಣ್ಣ, ಲೆನ್ಸ ಕೆಟ್ಟಿತ್ತು,” ಎಂದೆ.

ಈಗ ಹೊಸದು ಅವರ ಬಳಿ, ಹಳೆಯದು ನನ್ನ ಬಳಿ. ನನ್ನ ಎಡಗೈಗೂ ಪರಮಸುಖ. ತೊಂದರೆ ಒಂದೇ, ಈ ಹಾಳಾದ ಲೆನ್ಸು ತೆಗೆದದ್ದೆಲ್ಲ ಸ್ಪಷ್ಟವಾಗಿ ಬರುತ್ತದೆ. ಹಾಗಾಗಿ ಪ್ರತಿ ಭಾನುವಾರ ವಾಸಣ್ಣನವರಿಗೆ ಕಳಿಸಲೆಂದು ಒಂದು ಫೋಟೋ ತೆಗೆಯುವಾಗ ಮಾತ್ರ ನಾನು ಬೇಕೆಂದೇ ಸ್ವಲ್ಪ ಕೈ ನಡುಗಿಸುತ್ತೇನೆ.