ಹೊಳೆಯ ಲೆಕ್ಕಕ್ಕೆ ತಖ್ತೆಯೋ, ಪ್ರೋಗ್ರಾಮೋ

ಎಂಬತ್ತರ ದಶಕದ ಕೊನೆಯಲ್ಲಿ ರಾಯಚೂರಿನ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆಂದು ಅಳೆದು ಬರೆದಿಡುವುದು ನಮ್ಮ ಕಚೇರಿಯ ಕೆಲಸ. ನಮಗಾರಿಗೂ ಸಿಗದ ಎ.ಸಿ. ಕೋಣೆ ಆ ಕಂಪ್ಯೂಟರಿಗೆ ಸಿಕ್ಕಿತು. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದರು. ಬೇಸಿಗೆಯ ಮಧ್ಯಾಹ್ನ ಎಲ್ಲರಿಗೂ ಆ ಕೋಣೆಯಲ್ಲೇ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಹೊರಗೆ ಚಪ್ಪಲಿಗಳ ಸಾಲು ನೋಡಿದವರಿಗೆ ಒಳಗೆ ಪೂಜೆ ನಡೆದಿದೆ ಅನ್ನಿಸಬೇಕು.

ನಾನು ಅರಕೇರಾದ ಕೂಲಿ ಮಾಡುವವರ ಮನೆಯ ಮಗಳು. ದೇವದುರ್ಗದಲ್ಲಿ ಹೈಸ್ಕೂಲು, ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಈ ಕಚೇರಿಯಲ್ಲಿ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದ್ದೆ. "ದಿನಾ ಏನ್ ಮಾಡ್ತಿ ಅಲ್ಲಿ?" ಎಂದು ಅವ್ವ ಕೇಳಿದಾಗ, "ಹೊಳಿ ನೀರು ಲೆಕ್ಕ ಮಾಡ್ತೀನಿ" ಅಂದೆ. ಅವ್ವ ನಕ್ಕುಬಿಟ್ಟಳು. "ಹೊಳಿ ನೀರು ಯಾರರ ಎಣಿಸ್ತಾರೇನ ಯವ್ವಾ!"

ಎಣಿಸುತ್ತಿದ್ದೆವು. ಮಳೆಗಾಲ ಮುಗಿದು ತುಂಗಭದ್ರೆ ಇಳಿದ ಮೇಲೆ ಚೀಕಲಪರ್ವಿಯ ಹತ್ತಿರ ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಅದಕ್ಕೆ ಸಮದೂರದಲ್ಲಿ ಕೆಂಪು ಬಟ್ಟೆಯ ಚೂರು ಬಿಗಿಯುತ್ತಿದ್ದರು. ದೋಣಿಯವನು ಒಂದೊಂದು ಚೂರಿನ ಕೆಳಗೂ ದೋಣಿ ನಿಲ್ಲಿಸಿ, ಕೋಲು ಇಳಿಸಿ ಆಳ ನೋಡಿ, ನೀರಿನ ವೇಗ ಅಳೆದು ಬರೆದು ಕಳಿಸುತ್ತಿದ್ದ. ಅಗಲ, ಆಳ, ವೇಗ ಗುಣಿಸಿ, ಎಲ್ಲ ಭಾಗಗಳನ್ನೂ ಕೂಡಿಸಿದರೆ ಹೊಳೆಯ ಹರಿವು ಸಿಗುತ್ತದೆ.

ನನ್ನ ಮೇಲಿನವರು ಮಾನ್ವಿಯ ವೈಷ್ಣವ ಮನೆತನದ ಹಿರಿಯರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಉದ್ದನೆಯ ಕಾಗದಕ್ಕೆ ಅಡ್ಡ, ಉದ್ದ ಗೆರೆ ಹೊಡೆದು ಮನೆಮನೆಯಾಗಿ ಅಂಕಿ ತುಂಬಿಸಿದ ತಖ್ತೆಗಳಲ್ಲೇ ಅವರ ಸರ್ವೀಸು ಕಳೆದಿತ್ತು. ನಮ್ಮಿಬ್ಬರನ್ನೂ ಹದಿನೈದು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಸ್ಪ್ರೆಡ್‌ಶೀಟ್ ಕಲಿಸಿದರು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನೂ ಕಲಿಸಿದರು. ಸ್ಪ್ರೆಡ್‌ಶೀಟ್ ಕಂಡ ಕೂಡಲೆ ಹಿರಿಯರ ಮುಖ ಅರಳಿತು.

"ಇದು ನಮ್ಮ ತಖ್ತೆನ ಅದ ತಂಗಿ! ಒಂದು ಮನಿ ತಿದ್ದಿದ್ರ ಉಳಿದದ್ದೆಲ್ಲಾ ತಾನ ತಿದ್ಕೊಂಡು ಬರ್ತದ ನೋಡು!"

ನನಗೆ ಹಿಡಿಸಿದ್ದು ಪ್ರೋಗ್ರಾಂ. ಲೆಕ್ಕದ ದಾರಿಯನ್ನು ಒಮ್ಮೆ ಬರೆದಿಟ್ಟರೆ ಸಾಕು. ಒಂದು ದಿನದ ಅಂಕಿ ಕೊಡಲಿ, ಹತ್ತು ವರ್ಷದ್ದು ಕೊಡಲಿ, ಅದೇ ದಾರಿಯಲ್ಲಿ ನಡೆಯುತ್ತದೆ. ನಾನು ಬರೆದ ಹನ್ನೆರಡು ಸಾಲು ಮೊದಲ ಸಲ ಸರಿಯಾದ ಉತ್ತರ ಕೊಟ್ಟ ದಿನ, ಮನೆಯ ತನಕ ಸೈಕಲ್ ರಿಕ್ಷಾ ಹತ್ತದೆ ಹಾಡು ಗುನುಗುತ್ತ ನಡೆದೇ ಹೋಗಿದ್ದೆ.

ಆದರೆ ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರು, "ಎರಡೂ ಬ್ಯಾಡ, ಯಾವ್ದರ ಒಂದು ಪದ್ಧತಿ ಇಟ್ಕೊಳ್ರಿ. ಯಾವುದು ಅಂತ ಬರದು ಕೊಡ್ರಿ" ಅಂದರು. ಚೀಕಲಪರ್ವಿಯಿಂದ ಆಗಷ್ಟೇ ಬಂದಿದ್ದ ಒಂದು ದಿನದ ಅಳತೆಯನ್ನು ಇಬ್ಬರೂ ಬೇರೆಬೇರೆ ಲೆಕ್ಕ ಮಾಡಿ ನೋಡುವುದೆಂದಾಯಿತು.

ನನ್ನದು ಮೊದಲು ಮುಗಿಯಿತು. ಆಮೇಲೆ ಅದೇ ಕಂಪ್ಯೂಟರಿನ ಮುಂದೆ ಕೂತ ಹಿರಿಯರು ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಕೊನೆಗೆ ನೋಡಿದರೆ ಎರಡು ಉತ್ತರ ಹೊಂದಲಿಲ್ಲ. ಅವರ ಹೊಳೆಯಲ್ಲಿ ನನ್ನ ಹೊಳೆಗಿಂತ ನೀರು ಜಾಸ್ತಿ!

"ನಿಮ್ಮದಾಗ ಏನೋ ತಪ್ಪಿರಬೇಕ್ರಿ ಸರ್" ಅಂದೆ, ಸ್ವಲ್ಪ ಜಂಬದಿಂದಲೇ.

"ಇರಬಹುದು. ಬಾ, ನೋಡೂಣು."

ಪರದೆಯ ಮೇಲಿನ ಅವರ ತಖ್ತೆಯಲ್ಲಿ ಎಲ್ಲ ಅಂಕಿಗಳೂ ಕಣ್ಣೆದುರೇ ಇದ್ದವು. ದೋಣಿಯವನ ಕಾಗದ ಪಕ್ಕಕ್ಕಿಟ್ಟುಕೊಂಡು ಮನೆಮನೆಯಾಗಿ ಇಳಿದೆವು. ಹನ್ನೊಂದನೆಯ ಬಟ್ಟೆ ಚೂರಿನ ಹತ್ತಿರ ಕಾಗದದಲ್ಲಿ ಆಳದ ಜಾಗದಲ್ಲಿ ಬರೀ ಒಂದು ಅಡ್ಡಗೀಟು. ಗೀಟು ಕೊಟ್ಟರೆ ನನ್ನ ಪ್ರೋಗ್ರಾಂ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಯೋಚಿಸದೆ ಸೊನ್ನೆ ಒತ್ತಿದ್ದೆ. ಹಿರಿಯರು ಆಚೀಚೆಯ ಎರಡು ಆಳಗಳ ಸರಾಸರಿ ತುಂಬಿಸಿದ್ದರು.

"ಅಲ್ಲಿ ಕಲ್ಲಿರಬೇಕ್ರಿ, ನೀರಿಲ್ಲ. ಅದಕ್ಕ ಗೀಟು" ಅಂದೆ.

"ಆ ಕಡಿ ನೀರು, ಈ ಕಡಿ ನೀರು. ನಡುವ ಒಣಾ ಹೆಂಗಿರ್ತದ?"

ದೋಣಿಯವನನ್ನೇ ಕೇಳೋಣವೆಂದು ಮರುದಿನ ಬೆಳಿಗ್ಗೆ ಕಚೇರಿಯ ಜೀಪಿನಲ್ಲಿ ಇಬ್ಬರೂ ಹೊರಟೆವು. ಮಾನ್ವಿಯಲ್ಲಿ ಜೀಪು ನಿಂತಾಗ ನಾನು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಹೋಟೆಲಿನದು ಮುಟ್ಟದ ಹಿರಿಯರು ತಮ್ಮ ಡಬ್ಬಿ ಬಿಚ್ಚಿ ಅರ್ಧ ಅವಲಕ್ಕಿ ನನ್ನ ಕಾಗದಕ್ಕೆ ಹಾಕಿದರು. ಸ್ವಲ್ಪ ಹೊತ್ತು ಮಿರ್ಚಿಯನ್ನೇ ನೋಡಿ, ಒಂದು ಎತ್ತಿಕೊಂಡರು. "ಇದೇ ಊರಾಗ ನಮ್ಮ ಮನಿ ಅದ. ಬಾಯಿ ಬಿಡಬ್ಯಾಡ ಮತ್ತ" ಅಂದರು. ನನ್ನ ಕಾಗದದ ಪೊಟ್ಟಣದಿಂದ ಅವರು ಹಾಗೆ ಸಲೀಸಾಗಿ ತೆಗೆದು ತಿಂದದ್ದು ಆವತ್ತು ನನಗೆ ಎಷ್ಟು ಸಂತೋಷ ಕೊಟ್ಟಿತೆಂದು ಅವರಿಗೆ ಎಂದೂ ಹೇಳಲಿಲ್ಲ.

ಹೊಳೆ ದಂಡೆಯಲ್ಲಿ ದೋಣಿಯವನು ನಮ್ಮ ಪ್ರಶ್ನೆ ಕೇಳಿ ಬೆರಗಾದ.

"ಕಲ್ಲೂ ಇಲ್ಲ ಏನಿಲ್ರೀ ಅಕ್ಕಾರ. ಈ ಸಲದ ಪ್ರವಾಹಕ್ಕ ಅಲ್ಲಿ ಮಡು ಬಿದ್ದದ. ಕೋಲು ತಳಾನ ಮುಟ್ಟಲಿಲ್ರೀ. ಮುಟ್ಟಲಾರದ್ದಕ್ಕ ಏನಂತ ಬರೀಲಿ? ಗೀಟು ಎಳದೆ."

ನಾನು ನೀರೇ ಇಲ್ಲ ಅಂದ ಜಾಗ ಇಡೀ ಹೊಳೆಯಲ್ಲೇ ಎಲ್ಲಕ್ಕಿಂತ ಆಳದ್ದು! ಹಿರಿಯರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾವೇಕೆ ನಗುತ್ತಿದ್ದೇವೆಂದು ತಿಳಿಯದೆ ದೋಣಿಯವನೂ ನಕ್ಕ.

ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಮೂವರೂ ದೋಣಿ ಹತ್ತಿದೆವು. ಹಿರಿಯರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತರು; ಗುಂಡು ಇಳಿಸಿದವಳು ನಾನು. ಹಗ್ಗ ಜಾರುತ್ತಲೇ ಹೋಯಿತು. ತಳ ಸಿಕ್ಕಾಗ ನನ್ನ ಸೀರೆಯ ಸೆರಗೆಲ್ಲ ಒದ್ದೆ. ವೇಗವನ್ನೂ ಅಳೆದುಕೊಂಡು ಬಂದು ಹೊಸ ಅಂಕಿ ಹಾಕಿದ ಮೇಲೆ ತಖ್ತೆಯೂ ಪ್ರೋಗ್ರಾಮೂ ಒಂದೇ ಉತ್ತರ ಕೊಟ್ಟವು.

ಸಾಹೇಬರಿಗೆ ಇಬ್ಬರೂ ಕೂಡಿಯೇ ಬರೆದುಕೊಟ್ಟೆವು: ಅಳತೆಗಳು ಮೊದಲು ಸ್ಪ್ರೆಡ್‌ಶೀಟಿಗೆ ಹೋಗಲಿ, ಅಲ್ಲಿ ಹೆಚ್ಚುಕಡಿಮೆ ಕಣ್ಣಿಗೆ ಬೀಳುತ್ತದೆ, ವರ್ಷಗಟ್ಟಲೆಯ ಲೆಕ್ಕವನ್ನು ಪ್ರೋಗ್ರಾಂ ಮಾಡಲಿ, ಅದಕ್ಕೆ ಬೇಸರವಿಲ್ಲ. "ಒಂದು ಕೇಳಿದ್ರ ಎರಡು ಹೇಳ್ತೀರಲ್ರೀ!" ಎಂದು ಗೊಣಗುತ್ತಲೇ ಅವರು ಸಹಿ ಹಾಕಿದರು.

ಪ್ರೋಗ್ರಾಮಿಗೆ ನಾನು ಎರಡು ಸಾಲು ಸೇರಿಸಿದೆ. ಆಳದ ಜಾಗ ಖಾಲಿ ಇದ್ದರೆ ಅದು ಅಲ್ಲಿಗೇ ನಿಂತು, ಇಂಗ್ಲಿಷ್ ಅಕ್ಷರಗಳಲ್ಲಿ "ಕೋಲು ಮುಟ್ಟಿತೇನು?" ಎಂದು ಕೇಳುತ್ತಿತ್ತು. ಹೊಸದಾಗಿ ಬಂದವರು ಓದಿ ನಗುತ್ತಿದ್ದರು, ಆದರೆ ಯಾರೂ ಸುಮ್ಮನೆ ಸೊನ್ನೆ ಒತ್ತಲಿಲ್ಲ.

ಮುಂದಿನ ಎರಡು ವರ್ಷ ಎಪ್ಪತ್ತರ ದಶಕದ ಹಳೆಯ ತಖ್ತೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆವು. ಹಿರಿಯರು ಓದುವುದು, ನಾನು ಒತ್ತುವುದು. ಅವುಗಳಲ್ಲೂ ಅಲ್ಲಲ್ಲಿ ಗೀಟು. ಪ್ರತಿ ಗೀಟಿಗೂ ಅವರು ಓದು ನಿಲ್ಲಿಸಿ ನೆನಪು ಮಾಡಿಕೊಳ್ಳುತ್ತಿದ್ದರು. "ಇದು ಕಲ್ಲೇ. ನಾನೇ ಕಂಡೀನಿ." "ಅವತ್ತು ದೋಣಿಗೆ ನೀರು ಹೊಕ್ಕಿತ್ತು ತಂಗಿ, ಜೀವ ಉಳಿಸ್ಕೊಂಡು ಬಂದ್ವಿ, ಎಲ್ಲೀ ಆಳ!" ಹೀಗೆ ಕತೆ ಕೇಳುತ್ತ ಕೆಲಸ ನಿಧಾನವಾಯಿತು, ನನಗೆ ಅವಸರವೂ ಇರಲಿಲ್ಲ. ಅವರ ನಿವೃತ್ತಿಯ ಹಿಂದಿನ ವಾರ ಕೊನೆಯ ತಖ್ತೆ ಮುಗಿಯಿತು. ಒಂದೇ ಒಂದು ಗೀಟಿಗೆ ಅವರಿಗೂ ಕಾರಣ ನೆನಪಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಹಂಗ ಇರಲಿ ಬಿಡು" ಅಂದರು. ಹಾಗೇ ಬಿಟ್ಟೆವು.